ಬ್ಲೋ ಲ್ಯಾಂಪಿನಿಂದ ಪಿಂಗಾಣಿ ಕಡ್ಡಿಯವರೆಗೆ: ಹೀಟರ್ ಪ್ಲಗ್ಗಿನ ಚರಿತ್ರೆ

ವಡೋದರಾ ನಗರದ ದಕ್ಷಿಣ ಅಂಚಿನಲ್ಲಿ, ಮುಂಬೈ–ಅಹಮದಾಬಾದ್ ರೈಲು ದಾರಿಯಲ್ಲಿ, ಮಕರಪುರ ಎಂಬ ಸಣ್ಣ ನಿಲ್ದಾಣವಿದೆ. ಗಾಯಕವಾಡ ಅರಸರು 19ನೇ ಶತಮಾನದಲ್ಲಿ ಇಲ್ಲಿ ಇಟಲಿ ಶೈಲಿಯ ಅರಮನೆ ಕಟ್ಟಿಸಿದರು. ಈಗ ಅದು ವಾಯುಪಡೆಯ ತಾಂತ್ರಿಕ ತರಬೇತಿ ಶಾಲೆ. 1962ರ ಕಾಯ್ದೆಯಂತೆ ಗುಜರಾತ್ ಕೈಗಾರಿಕಾ ಅಭಿವೃದ್ಧಿ ನಿಗಮ ಹುಟ್ಟಿದ ಮೇಲೆ ಮಕರಪುರದಲ್ಲಿ ಕೈಗಾರಿಕಾ ವಸಾಹತು ಬೆಳೆಯಿತು. ಊರಿನವರ ಬಾಯಲ್ಲಿ ಅದು ಬರಿಯ ‘ಜಿಐಡಿಸಿ’. ಲೇತುಗಳು, ಪಂಪು–ವಾಲ್ವುಗಳ ಕಾರ್ಖಾನೆಗಳು, ಎರಕದ ಮನೆಗಳು, ಇವುಗಳ ನಡುವೆ ಗ್ಯಾರೇಜುಗಳು. ಪಕ್ಕದ ಮಾಣೇಜಾದಲ್ಲಿ ಬೇರಿಂಗ್ ತಯಾರಿಸುವ ದೊಡ್ಡ ಕಾರ್ಖಾನೆಯಿದೆ.

ಡೀಸೆಲ್ಲಿನ ಮಟ್ಟಿಗೆ ಈ ಸೀಮೆ ಹುಟ್ಟಿನಿಂದ ಓಟದವರೆಗೆ ಎಲ್ಲವನ್ನೂ ಕಂಡಿದೆ. 1960ರಲ್ಲಿ ಅಂಕ್ಲೇಶ್ವರದ ನೆಲದಡಿ ತೈಲ ಸಿಕ್ಕಿತು. ತೈಲ ಮತ್ತು ನೈಸರ್ಗಿಕ ಅನಿಲ ನಿಗಮದ ಕಚೇರಿ ಮಕರಪುರ ರಸ್ತೆಗೇ ಬಂತು. ಸೋವಿಯತ್ ನೆರವಿನಿಂದ ಕಟ್ಟಿದ ಕೊಯಲಿ ಸಂಸ್ಕರಣಾಗಾರ 1965ರಲ್ಲಿ ಕೆಲಸ ಶುರು ಮಾಡಿತು. 1996ರಲ್ಲಿ, ಸುಮಾರು 40 ಕಿಲೊಮೀಟರ್ ದೂರದ ಹಾಲೋಲ್‌ನಲ್ಲಿ, ಜನರಲ್ ಮೋಟರ್ಸ್ ಓಪೆಲ್ ಆಸ್ಟ್ರಾ ಕಾರುಗಳನ್ನು ಜೋಡಿಸತೊಡಗಿತು. ಬಾವಿಯಿಂದ ಬಂದ ಎಣ್ಣೆ, ಅದನ್ನು ಸೋಸುವ ಕಾರ್ಖಾನೆ, ಅದನ್ನು ಕುಡಿಯುವ ಗಾಡಿ, ಗಾಡಿಯನ್ನು ರಿಪೇರಿ ಮಾಡುವ ಕೈ ಎಲ್ಲವೂ ಮಕರಪುರದಿಂದ ನೂರು ಕಿಲೊಮೀಟರ್ ಒಳಗೇ ಇದ್ದವು.

ಆ ರಿಪೇರಿಯ ಕೈಗಳಿಗೆ ಇಂದಿಗೂ ಭಯ ಹುಟ್ಟಿಸುವ ಕೆಲಸವೊಂದಿದೆ: ಹಳೆಯ ಹೀಟರ್ ಪ್ಲಗ್ ಬಿಚ್ಚುವುದು. ಪುಸ್ತಕಗಳು ಅದನ್ನು ಗ್ಲೋ ಪ್ಲಗ್ ಎನ್ನುತ್ತವೆ. ತಣ್ಣಗಿನ ಡೀಸೆಲ್ ಎಂಜಿನ್ ಹೊತ್ತಿಕೊಳ್ಳಲು ಬಿಸಿ ಕೊಡುವ, ಕೈಬೆರಳಿನ ಗಾತ್ರದ ಈ ವಸ್ತು ಎಂಜಿನ್ ಹೆಡ್ಡಿನೊಳಗೆ ಮುರಿದುಕೊಂಡರೆ ಹೆಡ್ಡನ್ನೇ ಇಳಿಸುವ ಪ್ರಸಂಗ ಬರುತ್ತದೆ. ಅದನ್ನು ಬಿಚ್ಚುವಾಗ ಇಷ್ಟೊಂದು ಎಚ್ಚರ ಯಾಕೆ ಬೇಕಾಯಿತು ಎನ್ನುವುದಕ್ಕೆ ಉತ್ತರ ಅದರ ಚರಿತ್ರೆಯಲ್ಲಿದೆ.

ರುಡಾಲ್ಫ್ ಡೀಸೆಲ್ 1890ರ ದಶಕದಲ್ಲಿ ಕಂಡ ಕನಸಿನಲ್ಲಿ ಪ್ಲಗ್ಗಿಗೆ ಜಾಗವೇ ಇರಲಿಲ್ಲ. ಗಾಳಿಯನ್ನು ಬಿಗಿಯಾಗಿ ಒತ್ತಿದರೆ ಅದು ಕಾಯುತ್ತದೆ. ಕಾದ ಗಾಳಿಗೆ ಎಣ್ಣೆ ಸಿಂಪಡಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಆತನ ಎಂಜಿನ್ ಈ ಮಾತನ್ನು ನಿಜ ಮಾಡಿತು. ಆದರೆ ತಣ್ಣಗಿರುವ ಎಂಜಿನ್ ಒತ್ತಿದ ಗಾಳಿಯ ಬಿಸಿಯನ್ನು ಸುತ್ತಲಿನ ಕಬ್ಬಿಣವೇ ಹೀರಿಕೊಳ್ಳುತ್ತದೆ. ಸ್ಟಾರ್ಟ್ ಮಾಡುವಾಗ ಎಂಜಿನ್ ತಿರುಗುವುದೂ ನಿಧಾನ, ಹಾಗಾಗಿ ಬಿಸಿ ಸೋರಲು ಹೊತ್ತು ಸಿಗುತ್ತದೆ. ಮೊದಲ ಉರಿಗೆ ಹಲವು ಬಾರಿ ನೆರವು ಬೇಕಾಗುತ್ತದೆ.

ಅದೇ ಕಾಲದಲ್ಲಿ ಇಂಗ್ಲೆಂಡಿನ ಹರ್ಬರ್ಟ್ ಆಕ್ರಾಯ್ಡ್ ಸ್ಟುವರ್ಟ್ ರೂಪಿಸಿದ ಎಂಜಿನ್ನಿನ ತಲೆಗೆ ಒಂದು ಬಿಸಿ ಬುರುಡೆ ಇತ್ತು. ಚಾಲಕ ಬ್ಲೋ ಲ್ಯಾಂಪ್ ಎಂಬ ಉರಿದೀಪ ಹಿಡಿದು ಅದನ್ನು ಹಲವು ನಿಮಿಷ ಕಾಯಿಸಿ ಆಮೇಲೆ ಚಕ್ರ ತಿರುಗಿಸುತ್ತಿದ್ದ. ಬೆಂಕಿ, ಎಣ್ಣೆ, ತಿರುಗುವ ಲೋಹ ಮೂರೂ ಒಂದೇ ಕೈಯಳತೆಯಲ್ಲಿ. ಇಂಗ್ಲೆಂಡಿನ ಫೀಲ್ಡ್ ಮಾರ್ಷಲ್ ಟ್ರ್ಯಾಕ್ಟರುಗಳು ಸಿಲಿಂಡರಿನೊಳಗೆ ಸುಡುವ ಕಾಗದದ ಸುರುಳಿ ಇಟ್ಟು ಹೊರಡುತ್ತಿದ್ದವು.

ಗುಜರಾತಿನ ಹೊಲಗಳಿಗೆ ಬಂದ ದಾರಿ ಇನ್ನೊಂದು. ಇಂಗ್ಲೆಂಡಿನ ಲಿಸ್ಟರ್ ಕಂಪನಿಯ ನಿಧಾನ ಗತಿಯ ಎಂಜಿನ್ ಮಾದರಿಯನ್ನು ರಾಜಕೋಟದ ಕಾರ್ಖಾನೆಗಳು ತಮ್ಮದಾಗಿಸಿಕೊಂಡವು. ನೀರೆತ್ತುವ ಪಂಪುಗಳಿಗೆ ಅವು ದಶಕಗಳ ಕಾಲ ಜೀವ ಕೊಟ್ಟವು. ಅವುಗಳಲ್ಲಿ ಹೀಟರ್ ಪ್ಲಗ್ ಇಲ್ಲ. ರೈತ ಲಿವರ್ ಎತ್ತಿ ಒತ್ತಡ ಬಿಡಿಸಿ, ಹಿಡಿಕೆ ತಿರುಗಿಸಿ ಭಾರಿ ಚಕ್ರಕ್ಕೆ ವೇಗ ಕೊಟ್ಟು, ಲಿವರ್ ಬಿಟ್ಟ ಕೂಡಲೇ ಎಂಜಿನ್ ಹೊತ್ತಿಕೊಳ್ಳುತ್ತಿತ್ತು. ಮೂಲ ಲಿಸ್ಟರಿನಲ್ಲಿ ಉರಿಯುವ ಕೋಣೆಯ ಒಂದು ಭಾಗವನ್ನು ಮುಚ್ಚಿ, ಸ್ಟಾರ್ಟಿನ ವೇಳೆಯಲ್ಲಿ ಒತ್ತಡ ಹೆಚ್ಚಿಸುವ ವಾಲ್ವೂ ಇತ್ತು. ಡೀಸೆಲ್ ಎಂಜಿನ್ ಭಾರವಾಗಿಯೇ ಇದ್ದಷ್ಟು ಕಾಲ ಈ ಉಪಾಯ ಸಾಕಿತ್ತು. ಅದು ಕಾರಿನೊಳಗೆ ಕೂರಬೇಕೆಂದಾಗ ಸಾಲದಾಯಿತು.

ಕಾರಿನ ದಾರಿ ತೆರೆದವನು ಪ್ರಾಸ್ಪರ್ ಲೊರಾಂಜ್. ಬೆಂಜ್ ಕಂಪನಿಯ ಈ ಎಂಜಿನಿಯರ್ 1909ರಲ್ಲಿ ಮುಖ್ಯ ಕೋಣೆಯ ಪಕ್ಕ ಸಣ್ಣದೊಂದು ಮುಂಗೋಣೆ ಇಟ್ಟು, ಎಣ್ಣೆಯನ್ನು ಮೊದಲು ಅಲ್ಲಿ ಉರಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಎಂಜಿನ್ ಮೆತ್ತಗೆ ಓಡಿತು, ಆದರೆ ಮುಂಗೋಣೆಯ ಗೋಡೆ ಬಿಸಿಯನ್ನು ಇನ್ನಷ್ಟು ನುಂಗಿತು. ಹಾಗಾಗಿ ಅಲ್ಲಿಗೆ ವಿದ್ಯುತ್ತಿನಿಂದ ಕಾಯುವ ತಂತಿಯ ಸುರುಳಿ ಬಂತು. 1920ರ ದಶಕದಲ್ಲಿ ಜರ್ಮನಿಯ ಬಾಷ್ ಮತ್ತು ಬೆರು ಕಂಪನಿಗಳು ಇಂಥ ಪ್ಲಗ್ ಮಾಡತೊಡಗಿದವು. 1936ರಲ್ಲಿ ಬರ್ಲಿನ್ ಪ್ರದರ್ಶನದಲ್ಲಿ ಮರ್ಸಿಡಿಸ್ ಬೆಂಜ್ 260 ಡಿ ಕಾಣಿಸಿಕೊಂಡಿತು. 45 ಅಶ್ವಶಕ್ತಿಯ ಈ ಡೀಸೆಲ್ ಕಾರು ಹೆಚ್ಚಾಗಿ ಟ್ಯಾಕ್ಸಿಯಾಗಿ ಓಡಿತು.

ಆ ಹಳೆಯ ಪ್ಲಗ್ಗುಗಳನ್ನು ಹಾರದ ಮಣಿಗಳ ಹಾಗೆ ಒಂದರ ಹಿಂದೊಂದು ಜೋಡಿಸುತ್ತಿದ್ದರು. ಪ್ರತಿ ಪ್ಲಗ್ಗಿಗೆ ಸಿಗುತ್ತಿದ್ದುದು ಎರಡು ವೋಲ್ಟಿಗೂ ಕಡಿಮೆ. ಅದೇ ಸರಣಿಯಲ್ಲಿದ್ದ ಒಂದು ತಂತಿ ಡ್ಯಾಶ್‌ಬೋರ್ಡಿನಲ್ಲಿ ಕೆಂಪಗೆ ಬೆಳಗುತ್ತಿತ್ತು. ಸರಣಿಯಲ್ಲಿ ಒಂದು ಸತ್ತರೆ ಎಲ್ಲವೂ ಸತ್ತ ಹಾಗೆ. ಬೆಳಕು ಮೂಡುತ್ತಿರಲಿಲ್ಲ, ಗಾಡಿ ಹೊರಡುತ್ತಿರಲಿಲ್ಲ. ದೋಷ ಅಡಗಿ ಕೂರಲು ಜಾಗವಿರಲಿಲ್ಲ. ಹಾಗಾಗಿ ಪ್ಲಗ್ಗುಗಳು ಮೇಲಿಂದ ಮೇಲೆ ಕಳಚಿ ಬರುತ್ತಿದ್ದವು, ದಪ್ಪ ಮೈಯಿದ್ದ ಅವು ಸಿಕ್ಕಿಕೊಳ್ಳುವುದೂ ಕಡಿಮೆ.

ಭಾರತಕ್ಕೆ ಮುಂಗೋಣೆ ಮತ್ತು ಪ್ಲಗ್ಗಿನ ಈ ಪದ್ಧತಿ ದೊಡ್ಡದಾಗಿ ಬಂದದ್ದು 1954ರಲ್ಲಿ, ಜಮ್‌ಶೆಡ್‌ಪುರದಿಂದ ಹೊರಟ ಟಾಟಾ ಮರ್ಸಿಡಿಸ್ ಬೆಂಜ್ ಲಾರಿಗಳೊಂದಿಗೆ. 1980ರ ದಶಕದ ಹೊತ್ತಿಗೆ ಅಂಬಾಸಿಡರ್ ಡೀಸೆಲ್ ಕಾರಿನ 1,489 ಸಿಸಿ ಎಂಜಿನ್, ಟೆಂಪೊ ಟ್ರ್ಯಾಕ್ಸ್ ಮೊದಲಾದ ಗಾಡಿಗಳಲ್ಲಿದ್ದ ಮರ್ಸಿಡಿಸ್ ಮೂಲದ 2.4 ಲೀಟರ್ ಎಂಜಿನ್ ಇವೆಲ್ಲ ಮುಂಗೋಣೆಯ ಜಾತಿಗೇ ಸೇರಿದವು. ಗುಜರಾತಿನ ಬೆಚ್ಚನೆಯ ಹವೆಯಲ್ಲೂ ಇವಕ್ಕೆ ಪ್ಲಗ್ ಬೇಕಿತ್ತು. ಜನವರಿಯ ಮುಂಜಾನೆ ವಡೋದರಾದಲ್ಲಿ ಉಷ್ಣತೆ 12 ಡಿಗ್ರಿಯ ಆಸುಪಾಸಿಗೆ ಇಳಿದರೆ ಸಾಕು, ಸತ್ತ ಪ್ಲಗ್ಗಿನ ಸಿಲಿಂಡರ್ ಬಿಳಿ ಹೊಗೆ ಕಕ್ಕುತ್ತಿತ್ತು. 2000ದಲ್ಲಿ ಬಿಡದಿಯಿಂದ ಹೊರಬಂದ ಟೊಯೊಟಾ ಕ್ವಾಲಿಸ್‌ಗೂ ಇದೇ ಸ್ವಭಾವ. ಬೆಂಗಳೂರಿನ ಚಳಿಗೆ ಸೆಲ್ಫ್ ಹೊಡೆಯುವ ಮುನ್ನ ಹಳದಿ ದೀಪ ಆರುವ ತನಕ ಕಾಯುವುದು ಅದರ ಚಾಲಕರಿಗೆ ರೂಢಿಯಾಗಿತ್ತು.

ಎರಡನೆಯ ತಿರುವು ಕಂಡದ್ದು 1970ರ ದಶಕದ ಕೊನೆಯಲ್ಲಿ. ತೆರೆದ ಸುರುಳಿಯ ಬದಲು ಲೋಹದ ಕೊಳವೆಯೊಳಗೆ ಮೆಗ್ನೀಸಿಯಂ ಆಕ್ಸೈಡ್ ಪುಡಿ ತುಂಬಿ, ಅದರಲ್ಲಿ ಸುರುಳಿ ಹುದುಗಿಸಿದ ಕಡ್ಡಿ ಪ್ಲಗ್ ಬಂತು. ಪ್ರತಿಯೊಂದಕ್ಕೂ ಬ್ಯಾಟರಿಯಿಂದ ನೇರ ತಂತಿ. ಒಂದೆರಡು ನಿಮಿಷದ ಕಾಯುವಿಕೆ ಕೆಲವು ಸೆಕೆಂಡಿಗೆ ಇಳಿಯಿತು. ಒಂದು ಸತ್ತರೂ ಉಳಿದವು ಕಾಯುತ್ತಿದ್ದುದರಿಂದ ಗಾಡಿ ಹೇಗೋ ಹೊರಡುತ್ತಿತ್ತು, ಸತ್ತದ್ದು ತಿಳಿಯುತ್ತಲೇ ಇರಲಿಲ್ಲ. 1980ರ ದಶಕದಲ್ಲಿ ಜಪಾನಿಗರು ಸಿಲಿಕಾನ್ ನೈಟ್ರೈಡ್ ಎಂಬ ಪಿಂಗಾಣಿ ಕಡ್ಡಿ ತಂದರು. ಲೋಹದ ಕಡ್ಡಿ ಸುಮಾರು 1,000 ಡಿಗ್ರಿಯವರೆಗೆ ಕಾದರೆ ಇದು 1,300 ಡಿಗ್ರಿಯನ್ನು ತಾಳುತ್ತದೆ. ಆದರೆ ಕೆಳಗೆ ಬಿದ್ದು ಒಳಗೆ ಸಣ್ಣ ಬಿರುಕು ಬಿಟ್ಟರೂ, ಉರಿಯುವ ಕೋಣೆಯಲ್ಲಿ ಚೂರಾಗುತ್ತದೆ.

ಮೂರನೆಯ ತಿರುವಿಗೆ ಸಾಕ್ಷಿ ಹಾಲೋಲ್. 2004ರಿಂದ ಅಲ್ಲಿ ತಯಾರಾದ ಷೆವರ್ಲೆ ತವೇರಾದ ಇಸುಜು ಮೂಲದ 2.5 ಲೀಟರ್ ಡೀಸೆಲ್ ಎಣ್ಣೆಯನ್ನು ನೇರ ಮುಖ್ಯ ಕೋಣೆಗೇ ಸಿಂಪಡಿಸುತ್ತಿತ್ತು. ಆ ಬಳಿಕ ಬಂದ ಕಾಮನ್ ರೈಲ್ ಕಾರುಗಳೆಲ್ಲ ಈ ದಾರಿಯವು. ಮುಂಗೋಣೆ ಇಲ್ಲದಿರುವುದರಿಂದ ಬಿಸಿ ಸೋರುವುದು ಕಡಿಮೆ. ಹೊರಗೆ ನೀರು ಹೆಪ್ಪುಗಟ್ಟುವ ಚಳಿ ಇಲ್ಲದಿದ್ದರೆ ಎಂಜಿನ್ ಪ್ಲಗ್ಗಿನ ನೆರವಿಲ್ಲದೆಯೂ ಹೊತ್ತಿಕೊಳ್ಳುತ್ತದೆ. ಅಹಮದಾಬಾದ್, ವಡೋದರಾ, ಸೂರತ್ತುಗಳ ಹವೆಯಲ್ಲಿ ನಾಲ್ಕು ಪ್ಲಗ್ಗುಗಳೂ ಸತ್ತ ಗಾಡಿ ವರ್ಷಗಟ್ಟಲೆ ಸರಾಗವಾಗಿ ಓಡಬಲ್ಲದು. ಗಾಡಿ ಹಾಗೆ ಓಡುತ್ತಿರುವಾಗಲೇ ಪ್ಲಗ್ಗುಗಳು ಹೆಡ್ಡಿಗೆ ಅಂಟಿಕೊಳ್ಳುತ್ತವೆ. ಕಡ್ಡಿಯ ತುದಿಯ ಸುತ್ತ ಇಂಗಾಲ ಗಟ್ಟಿಯಾಗಿ ಕೂರುತ್ತದೆ, ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ಡುಗಳಿಗೆ ತುಕ್ಕು ಹತ್ತುತ್ತದೆ. ನಾಲ್ಕು ವಾಲ್ವುಗಳ ನಡುವೆ ತೂರಿಸಬೇಕಾದ್ದರಿಂದ ಪ್ಲಗ್ಗಿನ ಮೈಯೂ ತೆಳ್ಳಗಾಯಿತು: ಹಿಂದೆ 14 ಮತ್ತು 12 ಮಿಲಿಮೀಟರ್ ಇದ್ದ ಥ್ರೆಡ್ ಈಗ 10, ಕೆಲವು ಎಂಜಿನುಗಳಲ್ಲಿ ಬರಿ 8.

ಎಂಜಿನ್ ಚಳಿಯನ್ನು ಗೆದ್ದದ್ದೇ ಮೆಕ್ಯಾನಿಕ್ಕಿಗೆ ಕಷ್ಟವಾಯಿತು. ಬೆರು ಕಂಪನಿ ಕೊಡುವ ಅಳತೆಯಂತೆ 12 ಮಿಲಿಮೀಟರ್ ಪ್ಲಗ್ 45 ನ್ಯೂಟನ್ ಮೀಟರ್ ಬಲಕ್ಕೆ ಮುರಿಯುತ್ತದೆ, 10ರದು 35ಕ್ಕೆ, 8ರದು ಬರಿ 20ಕ್ಕೆ. ಉದ್ದ ಹಿಡಿಯ ಪಾನಾ ಹಾಕಿ ಒಮ್ಮೆ ಜಗ್ಗಿದರೆ ಇದನ್ನು ದಾಟುವುದು ಕಷ್ಟವೇನಲ್ಲ. ಲಾರಿ ಬೋಲ್ಟಿಗೆ ಅಭ್ಯಾಸವಾದ ಕೈಗೆ ಅದು ತಿಳಿಯುವುದೇ ಇಲ್ಲ.

ಆದ್ದರಿಂದ ಕೆಲಸ ಶುರುವಾಗುವುದು ಮೀಟರಿನಿಂದ. ಪ್ಲಗ್ಗಿನ ತಂತಿ ಬಿಡಿಸಿ ರೋಧ ಅಳೆದರೆ ಲೋಹದ ಪ್ಲಗ್ ಸಾಮಾನ್ಯವಾಗಿ ಒಂದು ಓಮಿನ ಆಸುಪಾಸು ತೋರಿಸುತ್ತದೆ. ಅನಂತ ತೋರಿದರೆ ಸತ್ತಿದೆ. ಹೊಸ ಪ್ಲಗ್ಗುಗಳಲ್ಲಿ ಕೆಲವು 5 ಅಥವಾ 7 ವೋಲ್ಟಿನವು. ಅವನ್ನು ಪರೀಕ್ಷೆಗೆಂದು ನೇರ ಬ್ಯಾಟರಿಗೆ ಹಚ್ಚಿದರೆ ಆ ಕ್ಷಣದಲ್ಲೇ ಸುಟ್ಟುಹೋಗುತ್ತವೆ.

ಬಿಚ್ಚುವುದು ಬಿಸಿ ಎಂಜಿನ್ನಿನಲ್ಲಿ. ಗಾಡಿಯನ್ನು ಓಡಿಸಿ ಪೂರ್ತಿ ಕಾಯಿಸಿ ತಂದು, ಕೈಗವಸು ತೊಟ್ಟು, ಪ್ಲಗ್ಗಿನ ಗುಂಡಿಯ ಧೂಳನ್ನು ಗಾಳಿಯಿಂದ ಊದಿ ತೆಗೆಯಬೇಕು, ಇಲ್ಲದಿದ್ದರೆ ಅದು ಸಿಲಿಂಡರಿಗೆ ಬೀಳುತ್ತದೆ. ಥ್ರೆಡ್ಡಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕಾಯಬೇಕು. ಟಾರ್ಕ್ ರೆಂಚನ್ನು ಪ್ಲಗ್ ಮುರಿಯುವ ಬಲಕ್ಕಿಂತ ಕೆಳಗೆ ಹೊಂದಿಸಿ ತಿರುಗಿಸಬೇಕು. ರೆಂಚ್ ‘ಟಕ್’ ಎಂದರೂ ಪ್ಲಗ್ ಅಲುಗದಿದ್ದರೆ ನಿಲ್ಲಿಸಿಬಿಡಬೇಕು. ಇನ್ನೂ ಜೀವವಿರುವ ಪ್ಲಗ್ಗಿಗೆ, ಅದರ ವೋಲ್ಟಿಗೆ ಒಪ್ಪುವ ವಿದ್ಯುತ್ತನ್ನು ಪ್ರತ್ಯೇಕ ತಂತಿಯಲ್ಲಿ ನಾಲ್ಕೈದು ನಿಮಿಷ ಹರಿಸಿದರೆ ಸುತ್ತಲಿನ ಇಂಗಾಲ ಸುಟ್ಟು ಸಡಿಲವಾಗುತ್ತದೆ. ಆಮೇಲೆ ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ತಿರುಗಿಸುತ್ತ ಬಿಚ್ಚಬೇಕು.

ಹಳೆಯದು ಬಂದ ಮೇಲೆ ಅದರ ತುದಿಯನ್ನು ನೋಡಬೇಕು. ಕರಗಿದ್ದರೆ ತಪ್ಪು ಹೆಚ್ಚಾಗಿ ಎಣ್ಣೆ ಸಿಂಪಡಿಸುವ ಇಂಜೆಕ್ಟರಿನದು. ನಾಸಲ್ ಸರಿಯಾಗಿ ಸಿಂಪಡಿಸುತ್ತಿಲ್ಲ, ಹೊಸ ಪ್ಲಗ್ಗೂ ಹಾಗೆಯೇ ಹೋಗುತ್ತದೆ. ಈ ಸಂಬಂಧವನ್ನು ದೇಶದ ಡೀಸೆಲ್ ಮೆಕ್ಯಾನಿಕ್ಕುಗಳಿಗೆ ಕಲಿಸಿದ್ದರಲ್ಲಿ 1951ರಲ್ಲಿ ಸ್ಥಾಪನೆಯಾಗಿ, ಬೆಂಗಳೂರಿನ ಆಡುಗೋಡಿಯಲ್ಲಿ ಬೇರೂರಿದ ಮೈಕೊ ಕಂಪನಿಯ ಪಾಲು ದೊಡ್ಡದು. 2008ರಲ್ಲಿ ಅದರ ಹೆಸರು ಬಾಷ್ ಆಯಿತು. ಆದರೂ ಇಂಜೆಕ್ಷನ್ ಪಂಪು, ನಾಸಲ್ ಎಂದೊಡನೆ ಹಳಬರಿಗೆ ಇಂದಿಗೂ ನೆನಪಾಗುವುದು ಮೈಕೊವೇ.

ತೂತಿನ ಇಂಗಾಲವನ್ನು ಗ್ರೀಸ್ ಹಚ್ಚಿದ ರೀಮರಿನಿಂದ ತೆಗೆದು, ಹೊಸ ಪ್ಲಗ್ಗನ್ನು ಮೊದಲು ಬೆರಳಿನಿಂದಲೇ ತಿರುಗಿಸಿ ಕೂರಿಸಬೇಕು. ಬಿಗಿ 8 ಮಿಲಿಮೀಟರಿಗೆ ಸುಮಾರು 10, 10 ಮಿಲಿಮೀಟರಿಗೆ 12ರಿಂದ 18 ನ್ಯೂಟನ್ ಮೀಟರ್. ಕೊನೆಯ ಮಾತು ಆ ಗಾಡಿಯ ಕೈಪಿಡಿಯದು. ಪಿಂಗಾಣಿ ಪ್ಲಗ್ ಕೈಜಾರಿ ಬಿದ್ದಿದ್ದರೆ ಹಾಕಲೇಬಾರದು. ಹೀಟರ್ ಪ್ಲಗ್ ಇರುವ ಎಂಜಿನ್ನಿನ ಗಾಳಿ ಕೊಳವೆಗೆ ಈಥರ್ ಸ್ಪ್ರೇ ಹೊಡೆಯುವುದು ಎಲ್ಲಕ್ಕಿಂತ ಅಪಾಯ. ಕೆಂಪಗೆ ಕಾದ ಕಡ್ಡಿಗೆ ಆವಿ ತಗುಲಿದರೆ ಸ್ಫೋಟವಾಗುತ್ತದೆ.

2017ರ ಏಪ್ರಿಲ್‌ನಲ್ಲಿ ಜನರಲ್ ಮೋಟರ್ಸ್ ಹಾಲೋಲ್ ಕಾರ್ಖಾನೆಯಲ್ಲಿ ಉತ್ಪಾದನೆ ನಿಲ್ಲಿಸಿತು. ಅದನ್ನು ಕೊಂಡ ಎಂಜಿ ಮೋಟರ್ 2019ರಿಂದ ಹೆಕ್ಟರ್ ತಯಾರಿಸತೊಡಗಿತು, ಡೀಸೆಲ್ ಮಾದರಿಯೂ ಅದರಲ್ಲಿತ್ತು. 2020ರ ಏಪ್ರಿಲ್‌ನಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್–6 ನಿಯಮ ಜಾರಿಯಾದಾಗ ಮಾರುತಿ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು. ಉಳಿದ ಡೀಸೆಲ್ಲುಗಳಲ್ಲಿ ಪ್ಲಗ್ಗಿನ ಕೆಲಸ ಬೆಳೆದಿದೆ: ಸ್ಟಾರ್ಟ್ ಆದ ಮೇಲೂ ಅದು ಕಾಯುತ್ತಲೇ ಇದ್ದು ಹೊಗೆಯನ್ನೂ ಸದ್ದನ್ನೂ ತಗ್ಗಿಸುತ್ತದೆ. ಅದರ ಕಂಟ್ರೋಲ್ ಯೂನಿಟ್ ಯಾವ ಸಿಲಿಂಡರಿನ ಪ್ಲಗ್ ಸತ್ತಿದೆ ಎಂಬುದನ್ನು ಪಾನಾ ಮುಟ್ಟುವ ಮುನ್ನವೇ ಸ್ಕ್ಯಾನರಿನಲ್ಲಿ ತೋರಿಸುತ್ತದೆ. ಹತ್ತು ಹದಿನೈದು ವರ್ಷ ಹಳೆಯ ತವೇರಾಗಳಿಗೆ ಈ ಅನುಕೂಲವಿಲ್ಲ. ಒಮ್ಮೆಯೂ ಬಿಚ್ಚದ ಪ್ಲಗ್ಗುಗಳೊಂದಿಗೆ ಅವು ಗ್ಯಾರೇಜಿಗೆ ಬಂದಾಗ ಒಂದೊಂದೇ ತಂತಿ ಬಿಡಿಸಿ, ಒಂದೊಂದನ್ನೇ ಅಳೆದು, ಎಂಜಿನ್ ಬಿಸಿಯಿರುವಾಗಲೇ ಬಿಚ್ಚಬೇಕಾಗುತ್ತದೆ.