ಕಾಡು ಕಡಿದದ್ದಕ್ಕೇ ಮಲೆನಾಡಿನಲ್ಲಿ ಮಳೆ ಕಡಿಮೆಯಾಯಿತೇ?

ಮುಂಗಾರು ನಾಲ್ಕು ದಿನ ತಡವಾದರೆ ಸಾಕು, "ಕಾಡು ಕಡಿದೆವು, ಮಳೆ ಹೋಯಿತು, ಮನೆಗೊಂದು ಗಿಡ ನೆಟ್ಟರೆ ಮಳೆ ವಾಪಸ್" ಎಂಬ ಸಂದೇಶ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತದೆ. ಮಳೆ ವಿಪರೀತ ಸುರಿದ ವರ್ಷ ಅದೇ ಗುಂಪುಗಳಲ್ಲಿ ಉಲ್ಟಾ ಪ್ರಶ್ನೆ: "ಕಾಡು ಹೋದರೆ ಮಳೆ ಇಲ್ಲ ಅಂದವರು ಈಗೆಲ್ಲಿ?" ಎರಡೂ ಅರ್ಧ ಸತ್ಯ.

ಮಲೆನಾಡಿನ ಮುಂಗಾರು ಮಳೆಯ ಬಹುಪಾಲು ನೀರು ಸಮುದ್ರದ್ದು. ಅರಬ್ಬಿ ಸಮುದ್ರದ ಕಡೆಯಿಂದ ಬರುವ ತೇವಗಾಳಿ ಪಶ್ಚಿಮ ಘಟ್ಟಕ್ಕೆ ಬಡಿದು, ಮೇಲೇರಿ, ತಂಪಾಗಿ ಸುರಿಯುತ್ತದೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ. ದಾಟುತ್ತದೆ. ಘಟ್ಟದ ಆಚೆಯ ಚಿತ್ರದುರ್ಗಕ್ಕೆ ಸಿಗುವುದು ಅದರ ಹತ್ತನೇ ಒಂದರಷ್ಟು. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಬೆಟ್ಟ.

ಹಾಗಾದರೆ ಕಾಡಿಗೆ ಪಾತ್ರವೇ ಇಲ್ಲವೇ? ಇದೆ. ಮರಗಳು ಬೇರಿನಿಂದ ಹೀರಿದ ನೀರನ್ನು ಎಲೆಗಳ ಮೂಲಕ ಆವಿಯಾಗಿ ಬಿಡುತ್ತವೆ. ಹೀಗೆ ಪಶ್ಚಿಮ ಘಟ್ಟದ ಕಾಡು ಬಿಡುವ ತೇವಾಂಶ ತಮಿಳುನಾಡಿನ ಮುಂಗಾರು ಮಳೆಗೆ ನೆರವಾಗುತ್ತದೆ, ಮಳೆ ಕೊರತೆಯ ವರ್ಷಗಳಲ್ಲಿ ಇನ್ನೂ ಹೆಚ್ಚು ಎಂದು ಐಐಟಿ ಬಾಂಬೆ ಸಂಶೋಧಕರು 2018ರಲ್ಲಿ ತೋರಿಸಿದರು. ಅಂದರೆ ಇಲ್ಲಿ ಕೊಡಲಿ ಹಾಕಿದರೆ ಪೆಟ್ಟು ಬೀಳುವುದು ಅಲ್ಲಿ. ಕಾವೇರಿ ಜಗಳದಲ್ಲಿ ಈ ಮಾತು ಯಾರೂ ಎತ್ತುವುದಿಲ್ಲ, ಬಿಡಿ.

ಕಾಡು ನಿಜಕ್ಕೂ ನಿರ್ಧರಿಸುವುದು ಬಿದ್ದ ನೀರು ಎಲ್ಲಿಗೆ ಹೋಗಬೇಕು ಎಂಬುದನ್ನು. 1977ರಿಂದ 1997ರ ನಡುವೆ ಕೊಡಗು ತನ್ನ ಕಾಡಿನ ಕಾಲು ಭಾಗಕ್ಕೂ ಹೆಚ್ಚು ಕಳೆದುಕೊಂಡಿತು, ಕಾಫಿ ತೋಟ ಹಬ್ಬಿತು. ತೋಟದೊಳಗೂ ನಾಡು ಮರಗಳ ಜಾಗಕ್ಕೆ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಬಂತು. ಮನೆ, ರಸ್ತೆ, ಹೋಮ್‌ಸ್ಟೇಗಳಿಗಾಗಿ ಇಳಿಜಾರನ್ನು ನೆಟ್ಟಗೆ ಕತ್ತರಿಸಲಾಯಿತು. 2018ರ ಆಗಸ್ಟ್‌ನಲ್ಲಿ ಸುರಿದದ್ದು ಅಸಾಧಾರಣ ಮಳೆಯೇ. ಆದರೆ ಗುಡ್ಡಗಳು ಆ ಪರಿ ಕುಸಿಯಲು ಹೀಗೆ ಇಳಿಜಾರು ಕಡಿದದ್ದೂ ಕಾರಣ ಎಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ತಜ್ಞರು ಹೇಳಿದರು. ಮರವಿದ್ದ ಮಾತ್ರಕ್ಕೆ ಯಾವ ಗುಡ್ಡವೂ ಜಾರುವುದಿಲ್ಲ ಎಂದಲ್ಲ. ಆಳದಿಂದ ಕುಸಿಯುವ ಮಣ್ಣನ್ನು ಬೇರು ಹಿಡಿಯಲಾರದು.

ಇನ್ನು ಗಿಡ ನೆಡುವ ಮಾತು. ಉತ್ತರ ಕನ್ನಡದಲ್ಲಿ ಸಹಜ ಕಾಡು, ಹಾಳಾದ ಕಾಡು, ಅಕೇಶಿಯಾ ನೆಡುತೋಪು ಮೂರನ್ನೂ ಹೋಲಿಸಿ ಅಧ್ಯಯನ ನಡೆದಿದೆ. ಹಾಳಾದ ಕಾಡಿನಲ್ಲಿ ಮಳೆನೀರು ಬೇಗ ಹರಿದು ಹೋಗುತ್ತಿತ್ತು. ಸಹಜ ಕಾಡಿನಲ್ಲಿ ಹೆಚ್ಚು ನೀರು ನೆಲಕ್ಕೆ ಇಳಿಯುತ್ತಿತ್ತು. ಹಳ್ಳಗಳಿಗೆ ಬೇಸಿಗೆಯಲ್ಲಿ ಜೀವ ಬರುವುದು ಆ ನೀರಿನಿಂದಲೇ. ಅಕೇಶಿಯಾ ಬರಡು ನೆಲಕ್ಕಿಂತ ವಾಸಿ, ಕಾಡಿಗೆ ಸಮವಲ್ಲ.

ಆ ಸಂದೇಶ ಮತ್ತೆ ಬಂದರೆ "ಮಳೆ ಹೋಯಿತು" ಎಂಬಲ್ಲಿ "ಬೇಸಿಗೆಯ ನೀರು ಹೋಯಿತು" ಎಂದು ತಿದ್ದಿ ಕಳಿಸಿ, ನಮ್ಮ ತಕರಾರಿಲ್ಲ.