ಒಂದೇ ವರ್ಷ, ಎರಡು ಲೆಕ್ಕ

ಮರ್ಸಿಡಿಸ್ ಕಾರುಗಳನ್ನು ತಯಾರಿಸುವ ಜರ್ಮನಿಯ ಡೈಮ್ಲರ್-ಬೆಂಜ್ ಕಂಪೆನಿಯ ಷೇರುಗಳು 1993ರ ಅಕ್ಟೋಬರ್ 5ರಂದು ನ್ಯೂಯಾರ್ಕ್ ಷೇರುಪೇಟೆಯನ್ನು ಪ್ರವೇಶಿಸಿದವು. ಆ ಪೇಟೆಗೆ ಬಂದ ಮೊದಲ ಜರ್ಮನ್ ಕಂಪೆನಿ ಅದು. ಅಮೆರಿಕದ ಬಂಡವಾಳ ಬೇಕಾದರೆ ಅಲ್ಲಿನ ನಿಯಮದಂತೆಯೂ ಲೆಕ್ಕ ತೋರಿಸಬೇಕಿತ್ತು. ತೋರಿಸಿದಾಗ ಜರ್ಮನಿಯೇ ಬೆರಗಾಯಿತು. ಆ ವರ್ಷದ ಮೊದಲ ಆರು ತಿಂಗಳಿಗೆ ಜರ್ಮನ್ ಲೆಕ್ಕದ ಪ್ರಕಾರ 16.8 ಕೋಟಿ ಮಾರ್ಕ್ ಲಾಭ. ಅಮೆರಿಕದ ಲೆಕ್ಕದ ಪ್ರಕಾರ 94.9 ಕೋಟಿ ಮಾರ್ಕ್ ನಷ್ಟ! ಇಡೀ ವರ್ಷದ್ದೂ ಅದೇ ಕಥೆ: ಒಂದರಲ್ಲಿ 61.5 ಕೋಟಿ ಲಾಭ, ಇನ್ನೊಂದರಲ್ಲಿ ಸುಮಾರು 184 ಕೋಟಿ ನಷ್ಟ.

ಇದರಲ್ಲಿ ಕಾನೂನುಬಾಹಿರವಾದದ್ದು ಏನೂ ಇರಲಿಲ್ಲ. ಜರ್ಮನಿಯಲ್ಲಿ ಕಂಪೆನಿಗಳು ಬಹುಕಾಲದಿಂದ ಬ್ಯಾಂಕುಗಳ ಸಾಲವನ್ನೇ ಹೆಚ್ಚಾಗಿ ನೆಚ್ಚಿಕೊಂಡಿದ್ದವು. ಸಾಲ ಕೊಟ್ಟವರ ಹಣ ಮುಳುಗಬಾರದು ಎಂಬುದು ಅಲ್ಲಿನ ಕಾನೂನಿನ ಕಾಳಜಿ. ಹಾಗಾಗಿ ಒಳ್ಳೆಯ ವರ್ಷಗಳಲ್ಲಿ ಲಾಭದ ಒಂದು ಪಾಲನ್ನು ಮುಂದಿನ ಖರ್ಚಿಗೆಂದು ತೆಗೆದಿರಿಸಲು ಧಾರಾಳ ಅವಕಾಶವಿತ್ತು. ಸುಗ್ಗಿಯಲ್ಲಿ ಕಣಜ ತುಂಬಿಸಿ ಬರಗಾಲದಲ್ಲಿ ತೆಗೆದಂತೆ, ಕಷ್ಟದ ವರ್ಷದಲ್ಲಿ ಆ ಹಣವನ್ನು ಸದ್ದಿಲ್ಲದೆ ಲಾಭಕ್ಕೆ ಸೇರಿಸಬಹುದಿತ್ತು. 1993ರಲ್ಲಿ ಯುರೋಪಿನ ಕಾರು ವ್ಯಾಪಾರ ಕುಸಿದಾಗ ಡೈಮ್ಲರ್ ಕೂಡ ಹೀಗೆಯೇ ಮಾಡಿತ್ತು.

ಅಮೆರಿಕದಲ್ಲಿ ಲೆಕ್ಕಪತ್ರ ಮುಖ್ಯವಾಗಿ ಷೇರುದಾರನಿಗಾಗಿ. 1929ರ ಷೇರುಪೇಟೆ ಕುಸಿತದ ಕಹಿ ಅನುಭವದಿಂದ 1934ರಲ್ಲಿ ಅಲ್ಲಿ ಷೇರುಪೇಟೆ ನಿಯಂತ್ರಣ ಆಯೋಗ ರೂಪುಗೊಂಡಿತು. ಹಳೆಯ ಗಳಿಕೆಯನ್ನು ಈ ವರ್ಷದ್ದೆಂದು ತೋರಿಸಿದರೆ ಷೇರು ಕೊಳ್ಳುವವನು ಮೋಸಹೋಗುತ್ತಾನೆ ಎಂಬುದು ಆ ವ್ಯವಸ್ಥೆಯ ವಾದ. ಕಣಜ ಬರಿದಾಗುತ್ತಿರುವುದು ಜರ್ಮನಿಯ ಸಣ್ಣ ಷೇರುದಾರನಿಗಾಗಲಿ ಕಾರ್ಮಿಕನಿಗಾಗಲಿ ಕಾಣುತ್ತಲೇ ಇರಲಿಲ್ಲ.

ಈ ಪ್ರಸಂಗದ ಬಳಿಕ ಹಳೆಯ ಪದ್ಧತಿ ಸಡಿಲವಾಯಿತು. ಷೇರುಪೇಟೆಯಲ್ಲಿರುವ ಕಂಪೆನಿಗಳು ಅಂತರರಾಷ್ಟ್ರೀಯ ಮಾನದಂಡದಲ್ಲಿ ಸಮಗ್ರ ಲೆಕ್ಕ ಕೊಡಲು 1998ರಲ್ಲಿ ಜರ್ಮನಿ ಒಪ್ಪಿತು. 2005ರಿಂದ ಐರೋಪ್ಯ ಒಕ್ಕೂಟ ಅದನ್ನು ಕಡ್ಡಾಯ ಮಾಡಿತು.

ಭಾರತಕ್ಕೂ ಈ ಗಾಳಿ ಬೀಸಿತು. 1999ರಲ್ಲಿ ಅಮೆರಿಕದ ನಾಸ್ಡಾಕ್ ಪೇಟೆ ಸೇರಿದ ಬೆಂಗಳೂರಿನ ಇನ್ಫೋಸಿಸ್ ಅಲ್ಲಿನ ನಿಯಮದಂತೆಯೂ ಲೆಕ್ಕ ಒಪ್ಪಿಸಿತು. ಅಂತರರಾಷ್ಟ್ರೀಯ ಮಾನದಂಡಗಳಿಗೆ ಹೊಂದುವ ‘ಇಂಡ್ ಎಎಸ್’ ನಿಯಮಗಳು 500 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಿವ್ವಳ ಮೌಲ್ಯವಿರುವ ಕಂಪೆನಿಗಳಿಗೆ 2016ರ ಏಪ್ರಿಲ್‌ನಿಂದ ಕಡ್ಡಾಯವಾದವು. ಬ್ಯಾಂಕುಗಳನ್ನು ಇದರಿಂದ ಹೊರಗಿಡಲಾಯಿತು. ಹೊಸ ಪದ್ಧತಿಗೆ ಬಂದ ಕಂಪೆನಿ ಹಿಂದಿನ ವರ್ಷದ ಲೆಕ್ಕವನ್ನೂ ತಿದ್ದಿ ಬರೆದು, ಲಾಭ ಎಲ್ಲಿ ಹೆಚ್ಚಿತು, ಎಲ್ಲಿ ತಗ್ಗಿತು ಎಂದು ಬಿಡಿಸಿ ಹೇಳಬೇಕಾಯಿತು. ವಾರ್ಷಿಕ ವರದಿಯ ಕೊನೆಯ ಪುಟಗಳಲ್ಲಿರುವ ಆ ಟಿಪ್ಪಣಿಯನ್ನು ಓದುವವರು ಕಡಿಮೆ. ಆದರೆ ಲಾಭದ ಅಂಕಿ ಯಾವ ನಿಯಮದಿಂದ ಹುಟ್ಟಿತು ಎಂಬುದು ತಿಳಿಯುವುದು ಅಲ್ಲಿಯೇ.