ಚಿನ್ನ ತೆಗೆಯುವಾಗ ಊರನ್ನು ಯಾರು ಕೇಳಿದರು?

ಬೂದಿಕೋಟೆ ಎಂದರೆ ಹೈದರಾಲಿ ಹುಟ್ಟಿದ ಊರು ಎಂದು ಎಲ್ಲರಿಗೂ ಗೊತ್ತು. ಅದು ಕೆಜಿಎಫ್‌ನ ನೆರೆಯ ಊರೂ ಹೌದು. ಅದಕ್ಕೇ ಈ ಸಲ ನಾವು ಒಂದು ಹಳೆಯ ಪ್ರಶ್ನೆ ಎತ್ತಿಕೊಂಡಿದ್ದೇವೆ: ನೆಲದಡಿಯ ಚಿನ್ನ ತೆಗೆಯುವಾಗ ನೆಲದ ಮೇಲಿದ್ದವರನ್ನು ಯಾರಾದರೂ ಕೇಳಿದರೇ?

1802ರಲ್ಲಿ ಬ್ರಿಟಿಷ್ ಅಧಿಕಾರಿ ಜಾನ್ ವಾರನ್ ಈ ಕಡೆ ಬಂದಾಗ, ಮಾರಿಕುಪ್ಪಂ ಸುತ್ತಿನ ಹಳ್ಳಿಯವರು ಮಣ್ಣು ತೊಳೆದು ಚಿನ್ನದ ಪುಡಿ ತೆಗೆದು ತೋರಿಸಿದರು. 1873ರಲ್ಲಿ ಮೈಕೆಲ್ ಲವೆಲ್ ಗಣಿಗೆ ಅನುಮತಿ ಕೇಳಿದ್ದು ಮಾತ್ರ ಮೈಸೂರು ಸರ್ಕಾರವನ್ನು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಊರಿನ ಒಪ್ಪಿಗೆ ಬೇಕು ಎಂಬ ಮಾತು ಆಗಿನ ಕಾನೂನಿನಲ್ಲೇ ಇರಲಿಲ್ಲ. 1894ರ ಭೂಸ್ವಾಧೀನ ಕಾಯ್ದೆಯೂ ಹಾಗೆಯೇ. ಮುಂದೆ ತಕರಾರು ಅರ್ಜಿ ಹಾಕಲು ಅವಕಾಶ ಬಂತು, ಆದರೆ ಬೇಡ ಎನ್ನುವ ಹಕ್ಕು ಬರಲಿಲ್ಲ.

ಮೂಲನಿವಾಸಿಗಳ ನೆಲಕ್ಕೆ ಕೈಹಾಕುವ ಮೊದಲು ಸರ್ಕಾರ ಅವರನ್ನು ಕೇಳಬೇಕು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 169ನೇ ಒಪ್ಪಂದ 1989ರಲ್ಲಿ ಹೇಳಿತು. ಭಾರತ ಅದಕ್ಕೆ ಸಹಿ ಹಾಕಿಲ್ಲ. 2007ರ ವಿಶ್ವಸಂಸ್ಥೆಯ ಘೋಷಣೆಗೆ ಮಾತ್ರ ಪರವಾಗಿ ಮತ ಹಾಕಿತು.

ನಮ್ಮಲ್ಲಿ 1996ರ ಪೆಸಾ ಕಾಯ್ದೆ ಬುಡಕಟ್ಟು ಪ್ರದೇಶಗಳ ಗ್ರಾಮಸಭೆಗೆ ಬಲ ಕೊಟ್ಟಿತು. ಆದರೆ ಅದು ಸಂವಿಧಾನದ ಐದನೇ ಅನುಸೂಚಿಗೆ ಸೇರಿದ ಪ್ರದೇಶಗಳಿಗಷ್ಟೇ. ಕರ್ನಾಟಕದಲ್ಲಿ ಅಂಥ ಒಂದು ಪ್ರದೇಶವೂ ಇಲ್ಲ. ಹಾಗಾಗಿ ನಮ್ಮ ಸೋಲಿಗರಿಗೆ, ಜೇನುಕುರುಬರಿಗೆ ಆಸರೆಯಾದದ್ದು 2006ರ ಅರಣ್ಯ ಹಕ್ಕು ಕಾಯ್ದೆ. ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲೇ, ಅಲ್ಲಿನ ಸೋಲಿಗರ 25 ಗ್ರಾಮಸಭೆಗಳು ಸಮುದಾಯ ಅರಣ್ಯ ಹಕ್ಕು ಪಡೆದವು. 2013ರಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ಒಡಿಶಾದ ನಿಯಮಗಿರಿಯಲ್ಲಿ 12 ಗ್ರಾಮಸಭೆ ನಡೆದವು. ಹನ್ನೆರಡೂ ಬಾಕ್ಸೈಟ್ ಗಣಿ ಬೇಡ ಎಂದವು. ಗಣಿ ನಿಂತಿತು.

ಇದು ಬರೀ ಕಾಡಿನವರ ಕತೆ ಎಂದುಕೊಳ್ಳಬೇಡಿ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು. ಸೈನೈಡ್ ಗುಡ್ಡಗಳು ಉಳಿದವು. ಸುಮಾರು ಸಾವಿರ ಎಕರೆಯಲ್ಲಿರುವ ಇಂಥ 13 ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ದೂಳು ಎದ್ದರೆ ಸುತ್ತಲ ಊರುಗಳಿಗೂ ಬರುತ್ತದೆ.

ಇಲ್ಲಿ ನಮ್ಮ ಕೈಯಲ್ಲಿರುವುದು 2006ರ ಪರಿಸರ ಅಧಿಸೂಚನೆ. ಅದರಂತೆ ದೊಡ್ಡ ಗಣಿ ಯೋಜನೆಗಳಿಗೆ ಪರಿಸರ ಅನುಮತಿ ಕೊಡುವ ಮೊದಲು, 30 ದಿನ ಮುಂಚೆ ತಿಳಿಸಿ, ಸಾರ್ವಜನಿಕ ಅಹವಾಲು ಸಭೆ ನಡೆಸಬೇಕು. ಅಹವಾಲು ಕೇಳುವುದು ಬೇರೆ, ಒಪ್ಪಿಗೆ ಪಡೆಯುವುದು ಬೇರೆ. ಇಲ್ಲಿ ಊರಿಗೆ ಸಿಗುವುದು ಮೊದಲನೆಯದು ಮಾತ್ರ. ಆದರೂ ಅಲ್ಲಿ ಆಡಿದ ಮಾತು ನಡಾವಳಿಯಲ್ಲಿ ದಾಖಲಾಗಬೇಕು, ಅದಕ್ಕೆ ಕಂಪನಿ ಉತ್ತರ ಕೊಡಬೇಕು. ಹೋಗದೇ ಇದ್ದರೆ ಆ ಪುಟ ಖಾಲಿ.

ಬಾನುಲಿಗೆ ಲೈಸೆನ್ಸ್ ಸಿಗದ ಕಾಲದಲ್ಲಿ ಕೇಬಲ್ ತಂತಿಯಲ್ಲೇ 'ನಮ್ಮ ಧ್ವನಿ' ನಡೆಸಿದ ಊರು ಬೂದಿಕೋಟೆ. ಸಭೆಯ ನೋಟಿಸ್ ಬಂದ ದಿನ ಅದನ್ನು ಊರೆಲ್ಲ ಓದಲಿ. ಮಾತಾಡಿದ್ದು ಕಾಗದಕ್ಕೆ ಇಳಿಯುವವರೆಗೆ ಯಾರೂ ಎದ್ದು ಬರಬೇಡಿ.